ಥೀಸಿಸ್ ಇಲ್ಲದ ಮಾಸ್ಟರ್ಸಾ? ಹೌದು, ಇಲ್ಲ

"ಥೀಸಿಸ್ ಇಲ್ದೆ ಮಾಸ್ಟರ್ಸ್ ಹೇಗೆ ಕೊಡ್ತಾರೆ?" ಊರಿಗೆ ಬಂದಾಗಲೆಲ್ಲ ಇದೇ ಪ್ರಶ್ನೆ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಬರೆದಿಡುತ್ತೇನೆ, ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ನಾನು ಬೆಂಗಳೂರಿನ ಹೆಬ್ಬಾಳದ ಕಾಲೇಜಿನಲ್ಲಿ ಬಿವಿಎಸ್ಸಿ, ಅಂದರೆ ಪಶುವೈದ್ಯ ಪದವಿ ಮುಗಿಸಿ, ಅಮೆರಿಕದಲ್ಲಿ ಪಶುವೈದ್ಯ ವಿಜ್ಞಾನದ ಎಂಎಸ್ ಮಾಡಿದೆ. ಅಲ್ಲಿ ಎಷ್ಟೋ ಕಡೆ ಎರಡು ದಾರಿ ಇರುತ್ತವೆ. ಒಂದರಲ್ಲಿ ಸಂಶೋಧನೆ ಮಾಡಿ ಥೀಸಿಸ್, ಅಂದರೆ ಮಹಾಪ್ರಬಂಧ ಬರೆಯಬೇಕು. ಇನ್ನೊಂದರಲ್ಲಿ ಅದರ ಬದಲು ಜಾಸ್ತಿ ಕೋರ್ಸು, ಒಂದು ಪ್ರಾಜೆಕ್ಟು, ಕೊನೆಗೊಂದು ಪರೀಕ್ಷೆ. ನಾನು ಓದಿದ ಕಡೆ ಎರಡಕ್ಕೂ ಓದಿನ ಅಳತೆ ಒಂದೇ, 30 ಕ್ರೆಡಿಟ್. ನಾನು ಎರಡನೆಯದನ್ನು ಹಿಡಿದೆ. ನಮ್ಮ ಕಡೆ ಪಶುವೈದ್ಯದ ಮಾಸ್ಟರ್ಸ್, ಎಂವಿಎಸ್ಸಿ, ಅಂದರೆ ಥೀಸಿಸ್ ಇರಲೇಬೇಕು. ಹಾಗಾಗಿ ಕೇಳಿದವರಿಗೆ ನನ್ನ ಡಿಗ್ರಿ ಉಪ್ಪಿಲ್ಲದ ಸಾರಿನ ಥರ ಕಾಣುತ್ತದೆ.

ಹೋದ ಸಲ ಹಾಸನದಲ್ಲಿ ಒಂದು ಮದುವೆ. ಊಟದ ಸಾಲಿನಲ್ಲಿ ನನ್ನ ಬ್ಯಾಚ್‌ಮೇಟ್ ಎದುರಿಗೇ ಕೂತಿದ್ದ. ಈಗ ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿದ್ದಾನೆ. ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತಾ, ಇಡೀ ಸಾಲಿಗೆ ಕೇಳುವ ಹಾಗೆ ಹೇಳಿದ: "ಏನೇ, ಥೀಸಿಸ್ ಇಲ್ದೇನೇ ಮಾಸ್ಟರ್ಸ್ ಕೊಡ್ತಾರಂತೆ? ನಂಗೂ ಒಂದು ಕೊರಿಯರ್ ಮಾಡ್ಸು." ಎಲ್ಲರೂ ನಕ್ಕರು. ನಾನೂ ನಕ್ಕೆ. ರಾತ್ರಿ ನಿದ್ದೆ ಬರಲಿಲ್ಲ.

ಅವನಿಗೆ ಅಲ್ಲೇ ಹೇಳಬೇಕಾಗಿದ್ದ ಮಾತು ಇದು.

ಕೊನೆಯ ಪರೀಕ್ಷೆ ಎರಡು ಗಂಟೆಯದು. ಮೂವರು ಪ್ರೊಫೆಸರು, ಒಂದು ಬಿಳಿ ಬೋರ್ಡು, ನಾನು. ನನ್ನ ಪ್ರಾಜೆಕ್ಟಿನ ಬಗ್ಗೆ ಕೇಳುತ್ತಾರೆ ಅಂತ ಕಾಯುತ್ತಿದ್ದೆ. ಒಬ್ಬರು ಕೇಳಿದ್ದೇ ಬೇರೆ. "1000 ಹಸು ಇವೆ. ನೂರಕ್ಕೆ ಒಂದಕ್ಕೆ ರೋಗ. ನಿನ್ನ ಟೆಸ್ಟು ರೋಗ ಇರುವ ನೂರರಲ್ಲಿ 90ನ್ನು ಹಿಡಿಯುತ್ತದೆ, ರೋಗ ಇಲ್ಲದ ನೂರರಲ್ಲಿ 95ನ್ನು ಸರಿಯಾಗಿ ಬಿಡುತ್ತದೆ. ಪಾಸಿಟಿವ್ ಬಂದ ಹಸುಗಳಲ್ಲಿ ನಿಜವಾಗಿ ರೋಗ ಇರುವುದು ನೂರಕ್ಕೆ ಎಷ್ಟಕ್ಕೆ?" ನಾನು ಧೈರ್ಯವಾಗಿ "ತೊಂಬತ್ತು" ಅಂದೆ. ಅವರು ಏನೂ ಹೇಳದೆ ಮಾರ್ಕರ್ ಪೆನ್ನು ಕೈಗಿಟ್ಟರು.

ಬೋರ್ಡಿನ ಮೇಲೆ ಲೆಕ್ಕ ಹಾಕಿದೆ. ರೋಗ ಇರುವುದು 10ಕ್ಕೆ, ಅದರಲ್ಲಿ 9 ಸಿಕ್ಕವು. ಆರೋಗ್ಯವಾಗಿರುವ 990ರಲ್ಲಿ ಸುಮಾರು 50 ಸುಮ್ನೆ ಪಾಸಿಟಿವ್ ಬಂದವು. ಒಟ್ಟು 59ರಲ್ಲಿ 9. ನೂರಕ್ಕೆ 15. "ರೈತ ಈ ಟೆಸ್ಟು ನಂಬಿ 59 ಹಸು ಮಾರಿದರೆ?" ಅಂತ ಕೇಳಿದರು. ಐವತ್ತು ಒಳ್ಳೆ ಹಸು ಹೋದವು. ನನ್ನ ಕೈ ಬೆವರುತ್ತಿತ್ತು. ಆಮೇಲೆ ಇನ್ನೂ ಒಂದೂವರೆ ಗಂಟೆ ಉಳಿದಿತ್ತು. ಕೊರಿಯರ್ ಅಂತೆ.

ಪ್ರಾಜೆಕ್ಟೂ ಸುಮ್ನೆ ಅಲ್ಲ. ಒಂದು ಡೈರಿಯ ಎರಡು ವರ್ಷದ ಹಾಲಿನ ದಾಖಲೆ ತೆಗೆದುಕೊಂಡು ಕೂತೆ. ಹಾಲಿನ ಒಂದು ಮಿಲಿಲೀಟರಿನಲ್ಲಿ 2 ಲಕ್ಷಕ್ಕಿಂತ ಜಾಸ್ತಿ ದೇಹಕೋಶ ಇದ್ದರೆ, ಹೊರಗೆ ಕಾಣದಿದ್ದರೂ ಒಳಗೆ ಕೆಚ್ಚಲು ಬಾವು ಇದೆ ಅಂತ ಸಾಮಾನ್ಯವಾಗಿ ಲೆಕ್ಕ. ಈ ಬಾವಿಗೆ ಮಾಲೀಕ ಹಾಲು ಕರೆಯುವ ಹುಡುಗರನ್ನು ಬೈಯುತ್ತಿದ್ದ. ದಾಖಲೆ ನೋಡಿದರೆ, ಎಷ್ಟೋ ಹಸುಗಳಿಗೆ ಕರು ಹಾಕಿದ ಮೇಲಿನ ಮೊದಲ ಹಾಲಿನ ಪರೀಕ್ಷೆಯಲ್ಲೇ ಕೋಶಗಳ ಲೆಕ್ಕ ಏರಿತ್ತು. ಅಂದರೆ ಸೋಂಕು ಹತ್ತಿದ್ದು ಕರು ಹಾಕುವ ಮುಂಚೆ ಹಾಲು ಬತ್ತಿಸಿ ಬಿಟ್ಟಿದ್ದ ದಿನಗಳಲ್ಲಿ, ಅವು ಮಲಗುತ್ತಿದ್ದ ಒದ್ದೆ ಕೊಟ್ಟಿಗೆಯಲ್ಲಿ. ಆ ಹುಡುಗರ ತಪ್ಪೇ ಇರಲಿಲ್ಲ. ಥೀಸಿಸ್ಸಿಗೆ ಹಾಕಿಸುವ ಹಾಗೆ ಇದಕ್ಕೆ ಚಿನ್ನದ ಅಕ್ಷರದ ರಟ್ಟು ಹಾಕಿಸಲಿಲ್ಲ, ನಿಜ.

ಇನ್ನೊಂದು ಪ್ರಶ್ನೆಯೂ ಇದೆ: "ಥೀಸಿಸ್ ಬರೆದಿದ್ರೆ ಅಲ್ಲೇ ಡಾಕ್ಟರ್ ಆಗಬಹುದಿತ್ತಲ್ವಾ?" ಇಲ್ಲ ಮಾವ. ಎಂಎಸ್‌ಗೂ ಅಲ್ಲಿ ಪಶುವೈದ್ಯರಾಗುವ ಲೈಸೆನ್ಸಿಗೂ ಸಂಬಂಧವೇ ಇಲ್ಲ. ನಮ್ಮ ಡಿಗ್ರಿ ಇರುವವರು ಅಲ್ಲಿ ಬೇರೆ ಅರ್ಹತಾ ಪರೀಕ್ಷೆಗಳನ್ನು ದಾಟಬೇಕು, ನ್ಯಾವ್ಲಿ (NAVLE) ಅನ್ನುವ 360 ಪ್ರಶ್ನೆಯ ಲೈಸೆನ್ಸ್ ಪರೀಕ್ಷೆ ಬರೆಯಬೇಕು. ಥೀಸಿಸ್ ಇದ್ದರೂ ಅಷ್ಟೇ, ಇಲ್ಲದಿದ್ದರೂ ಅಷ್ಟೇ.

ಯಾರೂ ಕೇಳದ ಪ್ರಶ್ನೆ ಒಂದಿದೆ. ದುಡ್ಡು ಯಾರು ಕೊಟ್ಟರು?

ನನ್ನ ರೂಮ್‌ಮೇಟ್ ಥೀಸಿಸ್ ದಾರಿ ಹಿಡಿದವಳು. ಒಂದು ಶನಿವಾರ ಮೈನಸ್ 80 ಡಿಗ್ರಿಯ ಫ್ರೀಜರ್ ಕೆಟ್ಟು, ಅವಳ ಎಂಟು ತಿಂಗಳ ಸ್ಯಾಂಪಲ್ ಸೋಮವಾರದ ಹೊತ್ತಿಗೆ ನೀರಾಗಿತ್ತು. ಒಂದು ಸೆಮಿಸ್ಟರ್ ತಡವಾಯ್ತು. ಅವಳ ಕಷ್ಟ ಕಣ್ಣಾರೆ ನೋಡಿದ್ದೇನೆ, ಥೀಸಿಸ್ಸನ್ನು ಹಗುರವಾಗಿ ನೋಡುವವಳಲ್ಲ ನಾನು. ಆದರೆ ಅವಳ ಫೀಸು ಮನ್ನಾ, ಮೇಲೆ ತಿಂಗಳು ತಿಂಗಳು ಸ್ಟೈಪೆಂಡು. ಪ್ರೊಫೆಸರ ಗ್ರಾಂಟಿಗೆ, ಅಂದರೆ ಸಂಶೋಧನೆಗೆ ಸಿಕ್ಕ ಅನುದಾನಕ್ಕೆ, ದುಡಿಯುವ ಕೈ ಅವಳು. ನನ್ನಿಂದ ಯಾವ ಗ್ರಾಂಟಿಗೂ ಉಪಯೋಗವಿಲ್ಲ, ಹಾಗಾಗಿ ಫೀಸು ನಾನೇ ಕಟ್ಟಿದೆ. ಅಪ್ಪನ ಸೈಟಿನ ಪತ್ರ ಇನ್ನೂ ಬ್ಯಾಂಕಿನಲ್ಲಿದೆ. ಸುಲಭದ ದಾರಿ ಅನ್ನುವವರು ಕಂತು ಕಟ್ಟುವ ದಿನ ಮನೆಗೆ ಬರಬೇಕು.

ಪಿಎಚ್‌ಡಿ ಮಾಡುವ, ಪಾಠ ಹೇಳುವ ಆಸೆ ಇದ್ದವರು ಥೀಸಿಸ್ಸೇ ಬರೆಯಿರಿ. ನನಗೆ ಹಸುಗಳ ಹಿಂಡಿನ ಆರೋಗ್ಯ ನೋಡುವ ಕೆಲಸ ಬೇಕಿತ್ತು, ಸಿಕ್ಕಿದೆ.

ಮೊನ್ನೆ ಹೆಬ್ಬಾಳದ ಕೊನೆ ವರ್ಷದ ಹುಡುಗಿಯೊಬ್ಬಳು ಮೆಸೇಜ್ ಮಾಡಿದ್ದಳು. "ಅಕ್ಕಾ, ಥೀಸಿಸ್ ಇಲ್ಲದ್ದಕ್ಕೆ ಸೇರಿದ್ರೆ ಫೀಸ್ ಪೂರ್ತಿ ನಾವೇ ಕಟ್ಬೇಕಾ?" ತಕ್ಷಣ ಫೋನ್ ಮಾಡಿದೆ. ಒಂದೂವರೆ ಗಂಟೆ ಮಾತಾಡಿದೆವು.