ರಜೆಗೆ ಮುಂಚಿನ ಶನಿವಾರ–ಭಾನುವಾರ: ಒಗೆತ ಮೊದಲು, ಬ್ಯಾಗ್ ಕೊನೆಗೆ

ಚಳಿಗಾಲದ ರಜೆ ಶುರುವಾಗುವ ಮುಂಚಿನ ವಾರಾಂತ್ಯದಲ್ಲಿ, ಬಾಡಿಗೆ ಮನೆಯಲ್ಲಿ ಒಬ್ಬರೇ ಇರುವವರಿಗೆ ಎಲ್ಲ ಕೆಲಸವೂ ಒಟ್ಟಿಗೇ ಮೈಮೇಲೆ ಬೀಳುತ್ತದೆ. ಬುಟ್ಟಿ ತುಂಬ ಕೊಳೆ ಬಟ್ಟೆ, ಅರ್ಧ ತುಂಬಿದ ಫ್ರಿಜ್, ಶನಿವಾರ ರಾತ್ರಿ ಗೆಳೆಯರ ಕೂಟ, ಕಟ್ಟಬೇಕಾದ ಉಡುಗೊರೆಗಳು, ಸೋಮವಾರ ಬೆಳಗಿನ ಪ್ರಯಾಣ. ಹೆಚ್ಚಿನವರು ಮೊದಲು ಬ್ಯಾಗಿಗೆ ಕೈ ಹಾಕುತ್ತಾರೆ. ಬ್ಯಾಗ್ ತುಂಬುವುದು ಒಂದು ಗಂಟೆಯ ಕೆಲಸ; ಉಣ್ಣೆಯ ಸ್ವೆಟರ್ ಒಣಗಲು ಒಂದೂವರೆ ದಿನವಾದರೂ ಬೇಕು. ಅವಸರ ಮಾಡಿದರೂ ಬೇಗ ಮುಗಿಯದ ಕೆಲಸಗಳನ್ನೆಲ್ಲ ಶನಿವಾರ ಬೆಳಿಗ್ಗೆಯೇ ಹಚ್ಚಿಬಿಡಬೇಕು. ಉಳಿದವು ಅವುಗಳ ನಡುವೆ ಹೊಂದಿಕೊಳ್ಳುತ್ತವೆ.

ಮೊದಲು ಬಟ್ಟೆ. 25 ಡಿಗ್ರಿ ಸೆಲ್ಸಿಯಸ್‌ನ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 23 ಗ್ರಾಂ ನೀರಾವಿಯನ್ನು ಹಿಡಿದಿಟ್ಟುಕೊಳ್ಳುತ್ತದೆ. 10 ಡಿಗ್ರಿಯಲ್ಲಿ ಅದು 9 ಗ್ರಾಮಿಗೆ ಇಳಿಯುತ್ತದೆ. ಚಳಿಯಲ್ಲಿ ಬಟ್ಟೆ ಒಣಗದಿರುವುದಕ್ಕೆ ಇದೇ ಕಾರಣ. ಕಿಟಕಿ ಮುಚ್ಚಿದ ಕೋಣೆಯಲ್ಲಿ ಹರವಿದರೆ ಗಾಳಿ ಬೇಗ ತೇವದಿಂದ ತುಂಬಿಹೋಗುತ್ತದೆ, ಆಮೇಲೆ ಬಟ್ಟೆಯ ನೀರಿಗೆ ಹೋಗಲು ಜಾಗವೇ ಇರುವುದಿಲ್ಲ. ಗಂಟೆಗಟ್ಟಲೆ ಒದ್ದೆಯಾಗಿಯೇ ಉಳಿದ ನೂಲಿನಲ್ಲಿ ಬ್ಯಾಕ್ಟೀರಿಯಾ ಬೆಳೆದು ಆ ಮುಗ್ಗಲು ವಾಸನೆ ಬರುತ್ತದೆ. ಸೋಪಿನ ಪುಡಿ ಹೆಚ್ಚು ಸುರಿದ ಮಾತ್ರಕ್ಕೆ ಅದು ಹೋಗುವುದಿಲ್ಲ, ಬೇಗ ಒಣಗಿಸುವುದೇ ಒಳ್ಳೆಯ ದಾರಿ. ಹತ್ತಿ ಬಟ್ಟೆಗೆ ಮೆಷಿನ್‌ನಲ್ಲಿ ಇನ್ನೊಂದು ಸ್ಪಿನ್ ಕೊಡಿ. ಎರಡು ಬಟ್ಟೆಗಳ ನಡುವೆ ಅಂಗೈ ಅಗಲದಷ್ಟು ಅಂತರ ಬಿಟ್ಟು ಹರವಿ, ಫ್ಯಾನಿನ ಗಾಳಿ ಅಡ್ಡಕ್ಕೆ ಹಾಯುವಂತೆ ಇಟ್ಟು, ಎರಡು ಗಂಟೆಗೊಮ್ಮೆ ಹತ್ತು ನಿಮಿಷ ಕಿಟಕಿ ತೆರೆಯಿರಿ. ಜೀನ್ಸ್ ಮತ್ತು ಹುಡ್ ಇರುವ ಜಾಕೆಟ್‌ಗಳನ್ನು ಒಳಮೈ ಹೊರಗೆ ಮಾಡಿ ಹಾಕಬೇಕು. ಕೊನೆಗೆ ಒಣಗುವುದು ಜೇಬು ಮತ್ತು ಸೊಂಟದ ಪಟ್ಟಿ.

ಉಣ್ಣೆಯ ಲೆಕ್ಕವೇ ಬೇರೆ. ಉಣ್ಣೆಯ ಎಳೆಯ ಮೇಲೆ ಸಣ್ಣ ಸಣ್ಣ ಪೊರೆಗಳಿರುತ್ತವೆ. ಬಿಸಿ, ನೀರು ಮತ್ತು ಉಜ್ಜುವಿಕೆ ಮೂರೂ ಸೇರಿದರೆ ಅವು ಒಂದಕ್ಕೊಂದು ಸಿಕ್ಕಿಕೊಂಡು ಸ್ವೆಟರ್ ಕುಗ್ಗಿ ಗಟ್ಟಿಯಾಗುತ್ತದೆ. ಒಮ್ಮೆ ಹಾಗಾದರೆ ಮೊದಲಿನಂತಾಗುವುದು ಕಷ್ಟ. 30 ಡಿಗ್ರಿಗಿಂತ ಹೆಚ್ಚು ಬಿಸಿಯಿಲ್ಲದ ನೀರು, ಉಣ್ಣೆಗೆಂದೇ ಇರುವ ದ್ರಾವಣ, ಹತ್ತು ನಿಮಿಷ ನೆನೆಸಿ ಮೆಲ್ಲಗೆ ಅದುಮುವುದು, ಅಷ್ಟು ಸಾಕು. ಜಾಲಿಸುವ ನೀರೂ ಅಷ್ಟೇ ಬೆಚ್ಚಗಿರಲಿ. ಹಿಂಡಬೇಡಿ. ದಪ್ಪ ಟವೆಲ್ ಮೇಲೆ ಹಾಸಿ, ಟವೆಲ್ ಸಮೇತ ಚಾಪೆ ಸುತ್ತಿದ ಹಾಗೆ ಸುತ್ತಿ, ಮೊಣಕಾಲೂರಿ ಒತ್ತಿದರೆ ನೀರಿನ ಬಹುಪಾಲು ಟವೆಲ್ಲಿಗೆ ಇಳಿಯುತ್ತದೆ. ಆಮೇಲೆ ಇನ್ನೊಂದು ಒಣ ಟವೆಲ್ ಮೇಲೆ ಸಮತಟ್ಟಾಗಿ ಹರಡಿ. ತಂತಿಗೆ ತೂಗುಹಾಕಿದರೆ ನೀರಿನ ಭಾರಕ್ಕೆ ತೋಳು ಜೋತುಬೀಳುತ್ತದೆ. ಶನಿವಾರ ಹತ್ತು ಗಂಟೆಯೊಳಗೆ ಇಷ್ಟಾದರೆ, ನಡುವೆ ಒಮ್ಮೆ ಮಗುಚಿ ಹಾಕಿದರೆ, ಭಾನುವಾರ ರಾತ್ರಿಗೆ ಒಣಗಿರುತ್ತದೆ.

ಮೆಷಿನ್ ತಿರುಗುತ್ತಿರುವಾಗಲೇ ಫ್ರಿಜ್ ನೋಡಿಬಿಡಬಹುದು. ಬೇಯಿಸಿದ್ದು ಫ್ರಿಜ್‌ನಲ್ಲಿ ಮೂರು ನಾಲ್ಕು ದಿನ ಮಾತ್ರ ಸುರಕ್ಷಿತ, ಅದೂ ಒಳಗಿನ ತಾಪ 4 ಡಿಗ್ರಿ ಮೀರದಿದ್ದರೆ. ಹಾಗಾಗಿ ಶುಕ್ರವಾರ ರಾತ್ರಿಯದನ್ನು ಈ ಎರಡು ದಿನಗಳಲ್ಲಿ ತಿಂದು ಮುಗಿಸಬೇಕು, ಇಲ್ಲವೆ ಫ್ರೀಜ್ ಮಾಡಬೇಕು. ಫ್ರೀಜರ್ ಗೋಡೆಯಲ್ಲಿ ಅರ್ಧ ಸೆಂಟಿಮೀಟರಿಗಿಂತ ದಪ್ಪ ಹಿಮ ಕಟ್ಟಿದ್ದರೆ ಕರಗಿಸಲು ಇದೇ ಒಳ್ಳೆಯ ಸಮಯ. ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಬಾಗಿಲು ತೆರೆದಿಟ್ಟು, ಕೆಳಗೆ ಹಳೆಯ ಟವೆಲ್ ಹಾಸಿ, ಒಳಗೆ ಬಿಸಿನೀರಿನ ಪಾತ್ರೆ ಇಟ್ಟರೆ ಕರಗುವುದು ಚುರುಕಾಗುತ್ತದೆ. ಚಾಕುವಿನಿಂದ ಕೆತ್ತುವುದು ಮಾತ್ರ ಬೇಡವೇ ಬೇಡ. ಆ ತೆಳು ಲೋಹದ ಹಿಂದೆಯೇ ಶೀತಕದ ಕೊಳವೆ ಇರುತ್ತದೆ. ಒಂದು ತೂತು ಬಿದ್ದರೆ ಅನಿಲವೆಲ್ಲ ಸೋರಿ ಫ್ರಿಜ್ ಕೆಲಸಕ್ಕೆ ಬಾರದಂತಾಗುತ್ತದೆ.

ಹೋಗುವಾಗ ಫ್ರಿಜ್ ಆರಿಸಬೇಕೇ? ಎರಡು ವಾರದೊಳಗೆ ವಾಪಸಾಗುವುದಿದ್ದು ಫ್ರೀಜರ್‌ನಲ್ಲಿ ಸಾಮಾನಿದ್ದರೆ ಚಾಲೂ ಇರಲಿ ಎನ್ನುವುದು ನನ್ನ ಅಭಿಪ್ರಾಯ. ಆಗ ಒಂದು ಲೋಟದಲ್ಲಿ ನೀರು ಹೆಪ್ಪುಗಟ್ಟಿಸಿ ಅದರ ಮೇಲೊಂದು ನಾಣ್ಯ ಇಟ್ಟುಹೋಗಿ. ಬಂದು ನೋಡಿದಾಗ ನಾಣ್ಯ ತಳದಲ್ಲಿದ್ದರೆ, ಕರೆಂಟ್ ಹೋಗಿ ಎಲ್ಲವೂ ಕರಗಿ ಮತ್ತೆ ಗಟ್ಟಿಯಾಗಿದೆ ಎಂದರ್ಥ, ಅಲ್ಲಿರುವುದನ್ನೆಲ್ಲ ಎಸೆಯಬೇಕು. ಬಾಗಿಲು ತೆರೆಯದಿದ್ದರೆ ತುಂಬಿದ ಫ್ರೀಜರ್ ಕರೆಂಟಿಲ್ಲದೆ ಸುಮಾರು 48 ಗಂಟೆ ತಡೆಯುತ್ತದೆ, ಅರ್ಧ ತುಂಬಿದ್ದು 24 ಗಂಟೆ. ಪೂರ್ತಿ ಆರಿಸಿ ಹೋಗುವುದಾದರೆ ಒಳಗೆಲ್ಲ ಒರೆಸಿ, ಬಾಗಿಲು ಮುಚ್ಚಿಕೊಳ್ಳದಂತೆ ಮಡಚಿದ ಬಟ್ಟೆಯೊಂದನ್ನು ಸಿಕ್ಕಿಸಿಡಿ. ಮುಚ್ಚಿಟ್ಟ ಫ್ರಿಜ್ಜಿನಲ್ಲಿ ಬೂಷ್ಟು ಹಿಡಿಯುತ್ತದೆ.

ಸಂಜೆ ಕೂಟ ನಿಮ್ಮ ಮನೆಯಲ್ಲೇ ಇದ್ದರೆ ರೂಮ್ ಹೀಟರ್ ಬಗ್ಗೆ ನಿಜಕ್ಕೂ ಎಚ್ಚರ ಬೇಕು. 2000 ವ್ಯಾಟ್‌ನ ಹೀಟರ್ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ತೆಳು ತಂತಿಯ ಎಕ್ಸ್‌ಟೆನ್ಷನ್ ಬೋರ್ಡಿಗೆ, ಅದರಲ್ಲೂ ಪಕ್ಕದಲ್ಲಿ ಸ್ಪೀಕರ್, ಕೆಟಲ್ ಎಲ್ಲ ಸಿಕ್ಕಿಸಿದ್ದರೆ, ಅದು ತಡೆಯದು. ತಂತಿ ಕಾದು ಪ್ಲಾಸ್ಟಿಕ್ ಕರಗುತ್ತದೆ. ಹೀಟರನ್ನು ನೇರವಾಗಿ ಗೋಡೆಯ ಸಾಕೆಟ್ಟಿಗೇ ಹಾಕಿ. ಪರದೆ, ಹಾಸಿಗೆ, ಒಣಗುತ್ತಿರುವ ಬಟ್ಟೆ ಎಲ್ಲವೂ ಒಂದು ಮೀಟರಾದರೂ ದೂರವಿರಲಿ. ಬೆಚ್ಚಗಾಗಲೆಂದು ಇದ್ದಿಲ ಕೆಂಡವನ್ನು ಮನೆಯೊಳಗೆ ತರಲೇಬಾರದು. ಅದರಿಂದ ಬರುವ ಕಾರ್ಬನ್ ಮಾನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆನೋವು, ವಾಕರಿಕೆ ಅನ್ನುವಷ್ಟರಲ್ಲಿ ಎದ್ದು ನಿಲ್ಲುವ ಶಕ್ತಿಯೇ ಹೋಗಿರುತ್ತದೆ. ಕಿಟಕಿ ಸ್ವಲ್ಪ ತೆರೆದಿದೆ ಎಂಬ ಧೈರ್ಯ ಸಾಲದು.

ಕೂಟ ಬೇರೆಡೆ ಇದ್ದರೆ ಫೋನನ್ನು ಒಳಜೇಬಿನಲ್ಲಿ, ಮೈಗೆ ತಾಗುವಂತೆ ಇಟ್ಟುಕೊಳ್ಳಿ. ಚಳಿಯಲ್ಲಿ ಲಿಥಿಯಂ ಬ್ಯಾಟರಿಯೊಳಗಿನ ರಾಸಾಯನಿಕ ಕ್ರಿಯೆ ನಿಧಾನವಾಗಿ, 20 ಪ್ರತಿಶತ ತೋರಿಸುತ್ತಿದ್ದ ಫೋನ್ ದಿಢೀರನೆ ಆರಿಹೋಗುತ್ತದೆ. ನಡುರಾತ್ರಿ ಟ್ಯಾಕ್ಸಿ ಕಾಯುವಾಗ ಹಾಗಾಗಬಾರದು. ಮದ್ಯ ಕುಡಿದವರಿಗೆ ಮೈ ಬೆಚ್ಚಗಾದಂತೆ ಅನಿಸುವುದು ಚರ್ಮದ ರಕ್ತನಾಳಗಳು ಹಿಗ್ಗುವುದರಿಂದ. ಆ ಹೊತ್ತಿಗೆ ದೇಹದ ಶಾಖ ಹೊರಕ್ಕೆ ಹೋಗುತ್ತಿರುತ್ತದೆ. ಕೋಟು ಬಿಚ್ಚಿ ಕೈಯಲ್ಲಿ ಹಿಡಿದು ಹೊರಗೆ ನಿಂತಿರುವ ಗೆಳೆಯನಿಗೆ ಅದನ್ನು ಮತ್ತೆ ತೊಡಿಸಿ.

ಭಾನುವಾರ ತಡವಾಗಿ ಎದ್ದರೂ ನಡೆಯುತ್ತದೆ. ಎದ್ದ ಕೂಡಲೇ ಫೋನ್ ಮತ್ತು ಲ್ಯಾಪ್‌ಟಾಪ್‌ನ ಬ್ಯಾಕಪ್ ಹಚ್ಚಿ, ಅದು ಮುಗಿಯುವವರೆಗೆ ಉಡುಗೊರೆ ಕಟ್ಟಿ. ಕಾಗದದ ಅಳತೆ ತಪ್ಪುವುದರಿಂದಲೇ ಅರ್ಧ ಹಾಳೆ ವ್ಯರ್ಥವಾಗುತ್ತದೆ. ಡಬ್ಬದ ಅಗಲ ಮತ್ತು ಎತ್ತರ ಕೂಡಿಸಿ ಎರಡರಿಂದ ಗುಣಿಸಿ 4 ಸೆಂಟಿಮೀಟರ್ ಸೇರಿಸಿದರೆ ಕಾಗದದ ಒಂದು ಬದಿ; ಡಬ್ಬದ ಉದ್ದಕ್ಕೆ ಎತ್ತರದ ಒಂದೂವರೆ ಪಟ್ಟು ಸೇರಿಸಿದರೆ ಇನ್ನೊಂದು ಬದಿ. 20 ಸೆಂಟಿಮೀಟರ್ ಉದ್ದ, 15 ಅಗಲ, 8 ಎತ್ತರದ ಡಬ್ಬಕ್ಕೆ 50ಕ್ಕೆ 32ರ ಕಾಗದ ಸರಿಹೋಗುತ್ತದೆ. ವಿಮಾನದಲ್ಲಿ ಒಯ್ಯುವ ಉಡುಗೊರೆಯನ್ನು ಕಟ್ಟದೆ ಹಾಗೇ ಒಯ್ಯುವುದು ಮೇಲು, ತಪಾಸಣೆಯಲ್ಲಿ ಬಿಚ್ಚಿಸಬಹುದು.

ಗಿಡಗಳಿಗೆ ನೀರು ಸುರಿದು ಹೋಗುವುದು ಪ್ರೀತಿಯಿಂದಲೇ, ಆದರೆ ಚಳಿಗಾಲದಲ್ಲಿ ಕುಂಡದ ಗಿಡ ಸಾಯುವುದು ಬಹುತೇಕ ನೀರು ಹೆಚ್ಚಾಗಿಯೇ. ಬೆಳಕು ಕಡಿಮೆ, ಬೆಳವಣಿಗೆ ನಿಧಾನ, ಬೇರು ಕುಡಿಯುವುದೂ ಕಡಿಮೆ. ನಿಂತ ನೀರಿನಲ್ಲಿ ಬೇರಿಗೆ ಉಸಿರುಕಟ್ಟಿ ಕೊಳೆಯುತ್ತದೆ. ಬೆರಳನ್ನು ಎರಡು ಗೆಣ್ಣು ಮಣ್ಣಿಗಿಳಿಸಿ ನೋಡಿ, ಒಣಗಿದ್ದರೆ ಮಾತ್ರ ತಳದಿಂದ ಇಳಿಯುವಷ್ಟು ಹಾಕಿ, ಅರ್ಧ ಗಂಟೆ ಬಿಟ್ಟು ತಟ್ಟೆಯ ನೀರು ಚೆಲ್ಲಿ. ತಣ್ಣನೆಯ ಗಾಜಿಗೆ ಎಲೆ ತಾಗದಂತೆ ಕುಂಡವನ್ನು ಒಳಕ್ಕೆ ಸರಿಸಿ. ಕಳ್ಳಿಯಂಥವಕ್ಕೆ ಏನೂ ಬೇಡ.

ಸಂಜೆ ಬ್ಯಾಗ್. ಒಳಗಿನ ಪದರಕ್ಕೆ ಹತ್ತಿ ಬೇಡ. ಬೆವರು ಹೀರಿ ಒದ್ದೆಯಾಗಿಯೇ ಉಳಿದು ಮೈ ತಣ್ಣಗಾಗಿಸುತ್ತದೆ. ತೆಳು ಉಣ್ಣೆ ಅಥವಾ ಪಾಲಿಯೆಸ್ಟರ್, ಅದರ ಮೇಲೆ ದಪ್ಪ ಪದರ, ಹೊರಗೆ ಗಾಳಿ ತಡೆಯುವ ಜಾಕೆಟ್. ಜಾಕೆಟ್ಟನ್ನು ತೊಟ್ಟುಕೊಂಡೇ ಹೊರಟರೆ ಬ್ಯಾಗಿನಲ್ಲಿ ಜಾಗ ಉಳಿಯುತ್ತದೆ. ವಿಮಾನವಾದರೆ ಪವರ್ ಬ್ಯಾಂಕ್ ಕೈಚೀಲದಲ್ಲೇ ಇರಬೇಕು, ಚೆಕ್-ಇನ್ ಲಗೇಜಿನಲ್ಲಿ ಬಿಡುವುದಿಲ್ಲ. ಸಾಮಾನ್ಯವಾಗಿ 100 ವ್ಯಾಟ್-ಅವರ್‌ವರೆಗೆ ಮುಂಗಡ ಅನುಮತಿ ಬೇಡ: 20,000 ಮಿಲಿಆಂಪ್-ಅವರ್ ಅನ್ನು 3.7 ವೋಲ್ಟ್‌ನಿಂದ ಗುಣಿಸಿ ಸಾವಿರದಿಂದ ಭಾಗಿಸಿದರೆ 74.

ಸೋಮವಾರ ಹೊರಡುವ ಮುನ್ನ ವಾಷಿಂಗ್ ಮೆಷಿನ್ನಿನ ನಲ್ಲಿ ಮುಚ್ಚಿ. ಅದರ ಪೈಪಿನ ಮೇಲೆ ಹಗಲು ರಾತ್ರಿ ನೀರಿನ ಒತ್ತಡವಿರುತ್ತದೆ. ಯಾರೂ ಇಲ್ಲದಾಗ ಒಡೆದರೆ ಕೆಳಗಿನ ಮನೆಗೂ ನೀರು ಇಳಿಯುತ್ತದೆ. ಬಚ್ಚಲ ಮೋರಿಗೆ ಒಂದು ಮಗ್ ನೀರು ಸುರಿದು, ಮೇಲೆ ಒಂದು ಚಮಚ ಎಣ್ಣೆ ಬಿಡಿ. ಒಳಗಿನ ಬಾಗಿದ ಕೊಳವೆಯಲ್ಲಿ ನಿಂತ ನೀರೇ ಚರಂಡಿಯ ವಾಸನೆಯನ್ನು ತಡೆಯುವುದು, ಎಣ್ಣೆಯ ಪೊರೆ ಅದು ಬೇಗ ಆರದಂತೆ ಕಾಯುತ್ತದೆ. ಹಿಮ ಬೀಳುವ ಊರಾದರೆ ಹೀಟಿಂಗ್ ಪೂರ್ತಿ ಆರಿಸದೆ 13 ಡಿಗ್ರಿಗೆ ಇಡಿ. ಹೆಪ್ಪುಗಟ್ಟುವಾಗ ನೀರು ಸುಮಾರು 9 ಪ್ರತಿಶತ ಹಿಗ್ಗಿ ಕೊಳವೆಯನ್ನು ಸೀಳುತ್ತದೆ. ಗ್ಯಾಸ್ ವಾಲ್ವ್, ಗೀಸರ್ ಸ್ವಿಚ್ ಆರಿಸಿ.

ವಾಪಸು ಬಂದ ದಿನ ನೇರ ಶವರ್ ಕೆಳಗೆ ನಿಲ್ಲಬೇಡಿ. ನಿಂತ ಉಗುರುಬೆಚ್ಚಗಿನ ನೀರಿನಲ್ಲಿ ಲೀಜಿಯೊನೆಲ್ಲಾ ಬ್ಯಾಕ್ಟೀರಿಯಾ ಬೆಳೆಯುತ್ತದೆ, ತುಂತುರಿನೊಂದಿಗೆ ಶ್ವಾಸಕೋಶ ಸೇರುತ್ತದೆ. ಗೀಸರನ್ನು 60 ಡಿಗ್ರಿಗೆ ಕಾಯಿಸಿ, ಶವರ್ ತಲೆಯನ್ನು ಬಕೆಟ್ಟಿನೊಳಗೆ ಇಳಿಸಿ ಬಿಸಿನೀರನ್ನು ಕೆಲವು ನಿಮಿಷ ಹರಿಯಬಿಟ್ಟು, ಆಮೇಲೆ ಸ್ನಾನ ಮಾಡಿ.