ಮೊದಲ ಸಾಲಿನಲ್ಲೇ ಕ್ರಿಯಾಪದ ಬರಲಿ

ನನ್ನ ತಮ್ಮನಿಗೆ ಮುಂಬಯಿಯ ಮಾಟುಂಗಾ ಪೂರ್ವದಲ್ಲಿ ಒಂದು ಸಣ್ಣ ತಿಂಡಿಯ ಅಂಗಡಿ ಇದೆ. ಮಳೆಗಾಲದಲ್ಲಿ ಕೆಸುವಿನ ಎಲೆಯ ಪತ್ರೊಡೆ, ಅಷ್ಟಮಿಗೆ ಎಲೆಯ ಕೊಟ್ಟೆಯಲ್ಲಿ ಬೇಯಿಸಿದ ಮೂಡೆ, ವರ್ಷವಿಡೀ ನೀರುದೋಸೆ, ಕರೆದವರ ಮನೆಗೆ ಬಾಳೆಎಲೆ ಊಟ. ಅಡುಗೆ ಅವನದು, ಲೆಕ್ಕಪತ್ರ ಅವನ ಹೆಂಡತಿಯದು, ಇನ್‌ಸ್ಟಾಗ್ರಾಂನಲ್ಲಿ ಫೋಟೊದ ಕೆಳಗೆ ಬರೆಯುವ ನಾಲ್ಕು ಸಾಲು ನನ್ನದು. ಇದು ಸಾಲದೆಂಬಂತೆ ಡೊಂಬಿವಲಿಯಲ್ಲಿ ನಮ್ಮ ಕಡೆಯ ಕನ್ನಡ ಸಂಘದ ಪುಟವೂ ನನ್ನ ಕೊರಳಿಗೇ ಬಿದ್ದಿದೆ. ಎರಡಕ್ಕೂ ಸಂಬಳವಿಲ್ಲ. ಒಂದು ಕಡೆ ಪತ್ರೊಡೆ ಸಿಗುತ್ತದೆ, ಇನ್ನೊಂದು ಕಡೆ ಶಾಲು.

ಸಂಘದ ಹುಡುಗಿಯರು ಕ್ಯಾಪ್ಷನ್ ಬರೆಯುವುದನ್ನು ಹೇಳಿಕೊಡಿ ಎಂದು ಬೆನ್ನು ಹತ್ತಿದ್ದರಿಂದ ಇದನ್ನು ಬರೆಯುತ್ತಿದ್ದೇನೆ. ಈ ವಿಷಯದಲ್ಲಿ ಸಲಹೆಗೇನೂ ಬರವಿಲ್ಲ. ಆದರೆ ಕಣ್ಣಿಗೆ ಬೀಳುವುದರಲ್ಲಿ ಹೆಚ್ಚಿನದು ಇಂಗ್ಲಿಷಿನಲ್ಲಿ ಬರೆಯುವವರಿಗೆ ಹೇಳಿದ್ದು. ಅದನ್ನೇ ತಂದು ಕನ್ನಡಕ್ಕೆ ಹಚ್ಚಿದರೆ ಹತ್ತುವುದಿಲ್ಲ, ಏಕೆಂದರೆ ನಮ್ಮ ವಾಕ್ಯದ ಕಟ್ಟೋಣವೇ ಬೇರೆ.

ಇನ್‌ಸ್ಟಾಗ್ರಾಂ ಒಂದು ಅಡಿಬರಹಕ್ಕೆ 2,200 ಅಕ್ಷರಗಳಷ್ಟು ಜಾಗ ಕೊಡುತ್ತದೆ. ಆದರೆ ಓದುವವರಿಗೆ ಮೊದಲು ಕಾಣುವುದು ಒಂದೆರಡು ಸಾಲು ಮಾತ್ರ. ಇಂಗ್ಲಿಷಿನಲ್ಲಿ ಅದು ಸುಮಾರು 125 ಅಕ್ಷರ ಎಂಬುದು ಎಲ್ಲರ ಬಾಯಲ್ಲಿರುವ ಲೆಕ್ಕ. ಮಿಕ್ಕಿದ್ದೆಲ್ಲ ಮಡಚಿಕೊಂಡು ಒಳಗೆ ಕುಳಿತಿರುತ್ತದೆ, ಬೆರಳಿಟ್ಟರೆ ಮಾತ್ರ ತೆರೆಯುತ್ತದೆ. ಇದರಿಂದ ಇಂಗ್ಲಿಷಿನವರಿಗೆ ಅಷ್ಟೇನೂ ನಷ್ಟವಿಲ್ಲ. ಅವರ ವಾಕ್ಯದಲ್ಲಿ ಕರ್ತೃವಿನ ಬೆನ್ನಿಗೇ ಕ್ರಿಯಾಪದ ಬಂದುಬಿಡುತ್ತದೆ. ನಮ್ಮಲ್ಲಿ ಯಾರು, ಎಲ್ಲಿ, ಯಾವಾಗ, ಯಾರ ಅಧ್ಯಕ್ಷತೆಯಲ್ಲಿ ಎಂಬುದೆಲ್ಲ ಮುಗಿದು ಕಟ್ಟಕಡೆಗೆ ಏನಾಯಿತು ಎಂಬುದು ಬರುತ್ತದೆ. ಅಷ್ಟರಲ್ಲಿ ಮಡಿಕೆ ಬಂದಾಗಿರುತ್ತದೆ.

ಸಂಘದ ಕಾರ್ಯದರ್ಶಿಗಳು ಕಳೆದ ರಾಜ್ಯೋತ್ಸವದ ಫೋಟೊ ಒಂದಕ್ಕೆ ತಾವೇ ಬರೆದು ಕಳುಹಿಸಿದ ಸಾಲು ನನ್ನ ಫೋನಿನಲ್ಲಿ ಹೀಗೆ ಕಾಣಿಸಿತು: ‘ನಮ್ಮ ಸಂಘದ ವತಿಯಿಂದ ಈ ಬಾರಿಯ ರಾಜ್ಯೋತ್ಸವದ ಅಂಗವಾಗಿ ಸದಸ್ಯರ ಮಕ್ಕಳಿಗಾಗಿ ಏರ್ಪಡಿಸಲಾಗಿದ್ದ ಚಿತ್ರಕಲಾ...’ ಅಷ್ಟೇ. ಸ್ಪರ್ಧೆಯೋ ಪ್ರದರ್ಶನವೋ, ಯಾರು ಗೆದ್ದರೋ, ಯಾರು ಬಿದ್ದರೋ ದೇವರಿಗೇ ಗೊತ್ತು. ಲೋಕಲ್ ರೈಲಿನಲ್ಲಿ ಒಂದು ಕೈಯಲ್ಲಿ ಹಿಡಿಕೆ ಹಿಡಿದು, ಇನ್ನೊಂದು ಕೈಯ ಹೆಬ್ಬೆರಳಿನಿಂದ ಪರದೆಯನ್ನು ಮೇಲೆ ತಳ್ಳುತ್ತಾ ಹೋಗುವವರು ‘ವತಿಯಿಂದ’ ಎಂಬಲ್ಲಿಗೇ ಮುಂದಿನ ಫೋಟೊಗೆ ದಾಟಿರುತ್ತಾರೆ.

ಫೋಟೊದಲ್ಲಿದ್ದದ್ದು ಬಹುಮಾನ ಪಡೆದ ಹುಡುಗಿ, ಅವಳ ಕೈಯಲ್ಲಿ ಅವಳು ಬರೆದ ಚಿತ್ರ. ಆ ಚಿತ್ರವನ್ನು ಹಿಗ್ಗಿಸಿ ನೋಡಿದೆ. ಭುವನೇಶ್ವರಿ ದೇವಿ ಕೂತಿರುವುದು ಸಿಂಹಾಸನದ ಮೇಲಲ್ಲ, ಲೋಕಲ್ ರೈಲಿನ ಕಿಟಕಿಯ ಪಕ್ಕದ ಸೀಟಿನಲ್ಲಿ. ಕಿರೀಟ ಮೇಲಿನ ಸರಳುಗಳಿಗೆ ತಾಗುತ್ತಿದೆ. ಪಕ್ಕದಲ್ಲಿ ತರಕಾರಿ ಚೀಲ ಇಟ್ಟುಕೊಂಡ ಒಬ್ಬ ಅಜ್ಜಿ. ಇಷ್ಟು ಸಿಕ್ಕ ಮೇಲೆ ‘ವತಿಯಿಂದ’ ಯಾರಿಗೆ ಬೇಕು? ನಾನು ಬರೆದದ್ದು: ‘ಭುವನೇಶ್ವರಿಗೆ ಕಿಟಕಿ ಪಕ್ಕದ ಸೀಟು ಸಿಕ್ಕಿದೆ. ಕೊಡಿಸಿದವಳಿಗೆ ಒಂಬತ್ತು ವರ್ಷ.’ ಸ್ಪರ್ಧೆ, ಬಹುಮಾನ, ದಿನಾಂಕ ಎಲ್ಲ ಅದರ ಕೆಳಗೆ.

ಕಾರ್ಯದರ್ಶಿಗಳ ಫೋನು ಬಂತು. “ಅಲ್ಲಮ್ಮ, ಸಂಘದ ಹೆಸರೇ ಇಲ್ಲವಲ್ಲ?”

“ಪುಟದ ನೆತ್ತಿಯ ಮೇಲೇ ಇದೆಯಲ್ಲ ಸರ್.”

“ಅಧ್ಯಕ್ಷರ ಹೆಸರು?”

ಅಧ್ಯಕ್ಷರ ಹೆಸರು ಮಡಿಕೆಯ ಒಳಗೆ ಗೌರವದಿಂದ ಇದೆ, ಹೆಸರಿನ ಹಿಂದೆ ಶ್ರೀ ಕೂಡ ಇದೆ. ನಮ್ಮ ಸಂಘಸಂಸ್ಥೆಗಳ ಬರವಣಿಗೆ ಪತ್ರಿಕಾ ಪ್ರಕಟಣೆಯಿಂದ ಇನ್ನೂ ಹೊರಗೆ ಬಂದಿಲ್ಲ ಎಂಬುದು ನನ್ನ ದೂರು. ವತಿಯಿಂದ, ಅಂಗವಾಗಿ, ನಿಮಿತ್ತ, ಪ್ರಯುಕ್ತ: ಈ ನಾಲ್ವರನ್ನು ಬಾಗಿಲಲ್ಲೇ ನಿಲ್ಲಿಸಿದರೆ ಅರ್ಧ ಕೆಲಸ ಮುಗಿದಂತೆ. ಮೊದಲ ವಾಕ್ಯ ಐದಾರು ಪದದಲ್ಲಿ ಮುಗಿಯಲಿ, ಕ್ರಿಯಾಪದ ಹೊರಗೇ ಕಾಣಲಿ. ಬೆಳಗಿನ ಶುಭಾಶಯ, ‘ಎಲ್ಲರಿಗೂ ನಮಸ್ಕಾರ’ ಇವೂ ಬೇಡ. ನಮಸ್ಕಾರಕ್ಕೆ ಯಾರೂ ಬೇಸರಿಸುವುದಿಲ್ಲ, ಆದರೆ ಅದಕ್ಕಾಗಿ ಯಾರೂ ನಿಲ್ಲುವುದೂ ಇಲ್ಲ.

ಎಕ್ಸ್‌ನಲ್ಲಿ, ಅಂದರೆ ಹಿಂದಿನ ಟ್ವಿಟರ್‌ನಲ್ಲಿ, ಬರೆಯುವವರಿಗೆ ಇನ್ನೊಂದು ಸಂಗತಿ. ಅಲ್ಲಿಯ ಮಿತಿ 2017ರಲ್ಲಿ 140 ಅಕ್ಷರಗಳಿಂದ 280ಕ್ಕೆ ಏರಿತು. ಆದರೆ ಈ ಲೆಕ್ಕ ನಾವು ಶಾಲೆಯಲ್ಲಿ ಕಲಿತ ಅಕ್ಷರದ ಲೆಕ್ಕವಲ್ಲ. ‘ಸ್ತ್ರೀ’ ಎಂಬ ಒಂದಕ್ಷರ ಯಂತ್ರಕ್ಕೆ ಆರು: ಸ, ಹಲಂತದ ಚಿಹ್ನೆ, ತ, ಮತ್ತೆ ಹಲಂತದ ಚಿಹ್ನೆ, ರ, ಕೊನೆಗೆ ದೀರ್ಘದ ಚಿಹ್ನೆ. ಒತ್ತಕ್ಷರಗಳಿಂದ ತುಂಬಿದ ಗಂಭೀರ ಶೈಲಿ ಅಲ್ಲಿ ನಿಜಕ್ಕೂ ದುಬಾರಿ.

ಇನ್ನು ಪತ್ರೊಡೆಗೆ ಬರುತ್ತೇನೆ. ತಿಂಡಿಯ ಪುಟಗಳಲ್ಲಿ ನನಗೆ ಸಿಟ್ಟು ಬರಿಸುವುದು ‘ಬಿಸಿಬಿಸಿ, ರುಚಿರುಚಿಯಾದ ಪತ್ರೊಡೆ’ ಎಂಬ ಬಗೆಯ ಸಾಲು. ಹಬೆ ಫೋಟೊದಲ್ಲೇ ಕಾಣುತ್ತಿದೆ. ರುಚಿಯಿಲ್ಲದ್ದನ್ನು ಯಾರಾದರೂ ಮಾರುತ್ತಾರೆಯೇ? ಫೋಟೊದಲ್ಲಿ ಏನಿದೆ ಎಂದು ವಿವರಿಸಲು ಬೇರೆ ಜಾಗವೇ ಇದೆ: ಕಣ್ಣು ಕಾಣದವರ ಫೋನು ಓದಿ ಹೇಳಲೆಂದು ಇನ್‌ಸ್ಟಾಗ್ರಾಂ 2018ರಿಂದ ಪರ್ಯಾಯ ಪಠ್ಯ ಎಂಬ ಖಾನೆ ಕೊಟ್ಟಿದೆ. ‘ಸ್ಟೀಲ್ ತಟ್ಟೆಯಲ್ಲಿ ಮೂರು ತುಂಡು ಪತ್ರೊಡೆ, ಪಕ್ಕದಲ್ಲಿ ಬೆಣ್ಣೆ’ ಎಂಬುದನ್ನು ಅಲ್ಲಿ ಬರೆಯಬೇಕು, ದಯವಿಟ್ಟು ಬರೆಯಿರಿ. ಕ್ಯಾಪ್ಷನ್ನಿಗೆ ಉಳಿಯುವುದು ಫೋಟೊಗೆ ಸಿಗದೇ ಹೋದದ್ದು.

ಹಾಗೆ ಸಿಗದೇ ಹೋದದ್ದು ಏನು ಎಂದು ತಿಳಿಯಲು ಅಡುಗೆಮನೆಯಲ್ಲಿ ನಿಲ್ಲಬೇಕು. ನನ್ನ ತಮ್ಮ ಕೆಸುವಿನ ಎಲೆಯನ್ನು ಮಗುಚಿ ಹಾಕಿ, ಹಿಂಬದಿಯ ದಪ್ಪ ನಾರನ್ನು ಚೂರಿಯಿಂದ ಸವರಿ ತೆಗೆಯುತ್ತಾನೆ. ಅಕ್ಕಿ, ತೆಂಗಿನತುರಿ, ಒಣಮೆಣಸು, ಕೊತ್ತಂಬರಿ, ಹುಣಸೆಹಣ್ಣು, ಬೆಲ್ಲ ಹಾಕಿ ತರಿಯಾಗಿ ರುಬ್ಬಿದ ಹಿಟ್ಟನ್ನು ಅಂಗೈಯಿಂದ ಬಳಿಯುತ್ತಾನೆ. ಒಂದರ ಮೇಲೊಂದು ಎಲೆಯಿಟ್ಟು, ಅಂಚು ಮಡಚಿ, ಬಿಗಿಯಾಗಿ ಸುತ್ತಿ ಹಬೆಗಿಡುತ್ತಾನೆ. ಹುಣಸೆಹಣ್ಣಿನ ವಿಷಯದಲ್ಲಿ ಮಾತ್ರ ಅವನು ಯಾರನ್ನೂ ನಂಬುವುದಿಲ್ಲ, ತಾನೇ ಹಾಕುತ್ತಾನೆ. ಕೆಸುವಿನ ಎಲೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್‌ನ ಸೂಜಿಯಂಥ ಹರಳುಗಳಿರುತ್ತವೆ; ಹುಳಿ ಕಡಿಮೆಯಾದರೆ, ಬೇಯುವುದು ಸಾಲದಾದರೆ ಗಂಟಲು ತುರಿಸುತ್ತದೆ. ಇದು ಫೋಟೊದಲ್ಲಿ ಎಲ್ಲಿದೆ? ಎಲ್ಲಿಯೂ ಇಲ್ಲ. ಹಾಗಾಗಿ ಬರೆದೆ: ‘ಹುಳಿ ಕಡಿಮೆಯಾದರೆ ಈ ಎಲೆ ಗಂಟಲು ಹಿಡಿಯುತ್ತದೆ. ನಿಮ್ಮ ಮನೆಯಲ್ಲಿ ಹುಣಸೆಹಣ್ಣು ಹಾಕುತ್ತಿದ್ದರೋ, ಬಿಂಬುಳಿಯೋ?’

ಅವತ್ತು ಕಮೆಂಟುಗಳಲ್ಲಿ ನಡೆದದ್ದು ಒಂದು ಸಣ್ಣ ಯುದ್ಧ. ಕಾರ್ಕಳದ ಮೂಲದವರು ಹುಣಸೆಹಣ್ಣಿನ ಪರ, ಒಬ್ಬರು ಅಂಬಟೆಕಾಯಿಯ ಪರ ಏಕಾಂಗಿ ಹೋರಾಟ. ನಡುವೆ ದಾದರ್‌ನ ಮರಾಠಿ ಗೃಹಿಣಿಯೊಬ್ಬರು ತಮ್ಮ ಕಡೆಯ ಪತ್ರೊಡೆಯಾದ ಅಳುವಡಿಗೆ ಕಡಲೆಹಿಟ್ಟೇ ಬೇಕು, ಅಕ್ಕಿಯೇಕೆ ಎಂದು ಕೇಳಿದರು. ಅದಕ್ಕೆ ನಮ್ಮವರು ಕೊಟ್ಟ ಉತ್ತರಗಳನ್ನು ಇಲ್ಲಿ ಹೇಳದಿರುವುದು ಕ್ಷೇಮ.

‘ನಿಮಗೆ ಇಷ್ಟವಾಯಿತೇ? ಕಮೆಂಟ್ ಮಾಡಿ’ ಎಂದು ಕೇಳಿದ್ದರೆ ಎರಡು ಹೃದಯದ ಚಿಹ್ನೆ ಬರುತ್ತಿತ್ತು, ಅದರಲ್ಲಿ ಒಂದು ನನ್ನ ಅತ್ತಿಗೆಯದು. ಪ್ರಶ್ನೆ ಕೇಳಬೇಕು ಎಂದು ಎಲ್ಲರೂ ಹೇಳುತ್ತಾರೆ. ಎಂಥ ಪ್ರಶ್ನೆ ಎಂದು ಹೇಳುವುದಿಲ್ಲ. ಓದುವವರು ತಮ್ಮನ್ನೇ ಪಂಡಿತರೆಂದು ತಿಳಿದಿರುವ ವಿಷಯದಲ್ಲಿ ಕೇಳಬೇಕು. ನೀರುದೋಸೆಗೆ ತೆಂಗಿನಕಾಯಿ ರುಬ್ಬಬೇಕೇ ಬೇಡವೇ ಎಂದು ಕೇಳಿ ನೋಡಿ. ಕರಾವಳಿಯಲ್ಲಿ ಇದಕ್ಕೆ ಅಭಿಪ್ರಾಯವಿಲ್ಲದ ಮನೆ ಇಲ್ಲ.

ಮುಂಬಯಿಯಲ್ಲಿ ಬರೆಯುವವರಿಗೆ ಒಂದು ತೊಡಕಿದೆ, ಬೆಂಗಳೂರಿನವರಿಗೆ ಇದು ಅರ್ಥವಾಗಲಿಕ್ಕಿಲ್ಲ. ಇಲ್ಲಿ ಮಹಾನಗರಪಾಲಿಕೆ ಕನ್ನಡ ಮಾಧ್ಯಮದ ಶಾಲೆಗಳನ್ನೂ ನಡೆಸುತ್ತದೆ, ನಮ್ಮ ತಲೆಮಾರಿನ ಹಲವರು ಕಲಿತದ್ದು ಅಲ್ಲಿಯೇ. ನಮ್ಮ ಮಕ್ಕಳು ಹೋದದ್ದು ಇಂಗ್ಲಿಷ್ ಶಾಲೆಗೆ. ಮನೆಯಲ್ಲಿ ತುಳುವೋ ಕನ್ನಡವೋ ಮಾತನಾಡುತ್ತಾರೆ, ಮರಾಠಿ ಸರಾಗವಾಗಿ ಓದುತ್ತಾರೆ, ಕನ್ನಡ ಲಿಪಿ ಕಂಡರೆ ಫೋನನ್ನು ಅಮ್ಮನ ಕೈಗೆ ಕೊಡುತ್ತಾರೆ. ಹಾಗಾದರೆ ಯಾವ ಲಿಪಿಯಲ್ಲಿ ಬರೆಯುವುದು? ತಮ್ಮನ ಸೂತ್ರ, ಒಂದೇ ಪೋಸ್ಟಿನಲ್ಲಿ ಕನ್ನಡ, ಮರಾಠಿ, ಇಂಗ್ಲಿಷ್ ಮೂರೂ. ಅದು ರೈಲ್ವೆ ನಿಲ್ದಾಣದ ಫಲಕದಂತೆ ಕಾಣುತ್ತದೆ, ಯಾರ ಜೊತೆಗೂ ಮಾತನಾಡಿದಂತೆ ಅನ್ನಿಸುವುದಿಲ್ಲ. ಒಂದು ಪೋಸ್ಟು ಒಬ್ಬರಿಗೆ ಎಂಬುದು ನನ್ನ ಹಟ. ಪತ್ರೊಡೆ, ಮೂಡೆಗಳದ್ದು ಕನ್ನಡದಲ್ಲೇ. ಕಚೇರಿಗಳಿಗೆ ಊಟದ ಡಬ್ಬಿ ಕಳುಹಿಸುವ ಸುದ್ದಿ ಮರಾಠಿಯಲ್ಲಿ, ಅದನ್ನು ಬರೆಯುವುದು ತಮ್ಮನ ಹೆಂಡತಿ. ಮಕ್ಕಳಿಗೆ ರೀಲ್ ಮಾಡಿ ಕನ್ನಡವನ್ನು ಬಾಯಿಂದಲೇ ಹೇಳಿಬಿಡುತ್ತೇವೆ. ಕಿವಿಗೆ ಲಿಪಿಯ ಹಂಗಿಲ್ಲ.

ಒಂದೇ ವಿಷಯದ ಪೋಸ್ಟುಗಳನ್ನು ಒಟ್ಟುಗೂಡಿಸುವ # ಚಿಹ್ನೆಯ ಪದ, ಹ್ಯಾಶ್‌ಟ್ಯಾಗ್, ಅದರ ಬಗ್ಗೆ ಹೆಚ್ಚು ಹೇಳುವುದಿಲ್ಲ. ಕ್ರಿಸ್ ಮೆಸಿನಾ ಎಂಬಾತ 2007ರಲ್ಲಿ ಟ್ವಿಟರ್‌ನಲ್ಲಿ ಇದನ್ನು ಸೂಚಿಸಿದಾಗ ಅವನ ತಲೆಯಲ್ಲಿ ನಮ್ಮ ವಿಭಕ್ತಿ ಪ್ರತ್ಯಯ ಇದ್ದಿರಲಾರದು. ವಾಕ್ಯದ ನಡುವೆ #ಮಾಟುಂಗಾದಲ್ಲಿ ಎಂದು ಬರೆದರೆ ಅದು #ಮಾಟುಂಗಾ ಜೊತೆ ಸೇರುವುದಿಲ್ಲ, ಬೇರೆಯೇ ಗುಂಪಾಗುತ್ತದೆ, ಆ ಗುಂಪಿನಲ್ಲಿ ನೀವೊಬ್ಬರೇ ಇರುತ್ತೀರಿ. ಆದ್ದರಿಂದ ಟ್ಯಾಗುಗಳು ಪ್ರತ್ಯಯವಿಲ್ಲದೆ ಕೊನೆಯಲ್ಲಿ ನಿಲ್ಲಲಿ, ನಾಲ್ಕೈದು ಸಾಕು.

ಮಾಟುಂಗಾ ಎಂದಾಗ ನೆನಪಾಯಿತು. ಕಾರ್ಯಕ್ರಮದ ಪೋಸ್ಟಿನಲ್ಲಿ ‘ಸ್ಥಳ: ಮಾಟುಂಗಾ’ ಎಂದು ಬರೆದು ಕೈತೊಳೆದುಕೊಳ್ಳುವವರಿದ್ದಾರೆ. ಮೈಸೂರು ಅಸೋಸಿಯೇಷನ್ ಇರುವುದು ಪೂರ್ವದಲ್ಲಿ, ಭಾವು ದಾಜಿ ರಸ್ತೆಯಲ್ಲಿ. ಇಳಿಯಬೇಕಾದದ್ದು ಸೆಂಟ್ರಲ್ ರೈಲ್ವೆಯ ಮಾಟುಂಗಾ. ಕರ್ನಾಟಕ ಸಂಘದ ವಿಶ್ವೇಶ್ವರಯ್ಯ ಸ್ಮಾರಕ ಮಂದಿರ ಇರುವುದು ಪಶ್ಚಿಮದಲ್ಲಿ; ಅದಕ್ಕೆ ವೆಸ್ಟರ್ನ್ ರೈಲ್ವೆಯ ಮಾಟುಂಗಾ ರೋಡ್. ಎರಡೂ ಕನ್ನಡದ ಕಾರ್ಯಕ್ರಮಗಳಿಗೆ ಹೆಸರಾದ ಜಾಗಗಳೇ. ಮೊಣಕಾಲು ನೋವಿನ ಹಿರಿಯರನ್ನು ತಪ್ಪು ನಿಲ್ದಾಣದ ಸೇತುವೆ ಹತ್ತಿಸಿದ ಮೇಲೆ ನಿಮ್ಮ ಕ್ಯಾಪ್ಷನ್ ಎಷ್ಟು ಚಂದವಿದ್ದರೇನು? ಪೂರ್ವವೋ ಪಶ್ಚಿಮವೋ, ಯಾವ ನಿಲ್ದಾಣವೋ ಬರೆಯಿರಿ. ಅದನ್ನು ಫೋಟೊದ ಮೇಲೂ ಅಚ್ಚು ಮಾಡಿ, ಏಕೆಂದರೆ ಜನ ಫೋಟೊವನ್ನಷ್ಟೇ ವಾಟ್ಸ್‌ಆ್ಯಪ್ ಗುಂಪುಗಳಿಗೆ ದಾಟಿಸುತ್ತಾರೆ, ಕ್ಯಾಪ್ಷನ್ ಹಿಂದೆಯೇ ಉಳಿಯುತ್ತದೆ.

ಈಗ ಎಲ್ಲವನ್ನೂ ಯಂತ್ರವೇ ಬರೆದುಕೊಡುತ್ತದೆ ಎಂದು ಅಣ್ಣನ ಮಗ ಹೇಳಿದ. ಕೇಳಿ ನೋಡಿದೆವು. ‘ರುಚಿಯ ಅದ್ಭುತ ಪಯಣಕ್ಕೆ ಸಿದ್ಧರಾಗಿ’ ಎಂದಿತು. ಪತ್ರೊಡೆ ತಿನ್ನಲು ಪಯಣವೇಕೆ, ಡೊಂಬಿವಲಿಯಿಂದ ಬರುವುದೇ ಸಾಕಷ್ಟು ಪಯಣ. ಕಾಗುಣಿತ ನೋಡಿಕೊಳ್ಳಲು ಅದು ಆದೀತು. ಹುಣಸೆಹಣ್ಣಿನ ವಿಷಯ ಅದಕ್ಕೆ ನಾವು ಹೇಳದೆ ಗೊತ್ತಾಗುವುದಿಲ್ಲ, ಹೇಳುವಷ್ಟರಲ್ಲಿ ಕ್ಯಾಪ್ಷನ್ ನಾವೇ ಬರೆದಾಗಿರುತ್ತದೆ.

ತಮ್ಮನಿಗೂ ನನಗೂ ಇನ್ನೂ ಬಗೆಹರಿಯದ ಜಗಳ ಬೆಲೆಯದು. ‘ಬೆಲೆಗಾಗಿ ಸಂದೇಶ ಕಳುಹಿಸಿ’ ಎಂದು ಬರೆಯಬೇಕಂತೆ. ಸಂದೇಶ ಕಳುಹಿಸಿ, ಉತ್ತರಕ್ಕೆ ಕಾದು, ದುಬಾರಿ ಎನಿಸಿದರೆ ಹೇಗೆ ಬೇಡವೆನ್ನುವುದು ಎಂಬ ಸಂಕೋಚಕ್ಕೆ ಎಷ್ಟೋ ಮಂದಿ ಕೇಳುವುದೇ ಇಲ್ಲ. ನಾನೂ ಕೇಳುವುದಿಲ್ಲ.

“ಬೆಲೆ ಹಾಕಿದರೆ ಎದುರಿನ ಅಂಗಡಿಯವನು ನೋಡುತ್ತಾನೆ ಅಕ್ಕ.”

“ಅವನು ನೋಡಲು ಇನ್‌ಸ್ಟಾಗ್ರಾಂ ತೆರೆಯಬೇಕೇನೋ? ನಿನ್ನ ಬಾಗಿಲ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ನೀನೇ ಬರೆದಿಟ್ಟಿದ್ದೀಯಲ್ಲ.”

ಅದು ಬೇರೆ, ಇದು ಬೇರೆ ಎನ್ನುತ್ತಾನೆ. ಹೇಗೆ ಬೇರೆ ಎಂದು ಹೇಳುವುದಿಲ್ಲ. ಅಷ್ಟಮಿಯ ಮೂಡೆಯ ಪೋಸ್ಟಿನಲ್ಲಿ ಬೆಲೆಯನ್ನು ಎರಡನೆಯ ಸಾಲಿಗೇ ಹಾಕುವವಳಿದ್ದೇನೆ, ಮಡಿಕೆಯ ಹೊರಗೆ. ಬೇಡವೆಂದರೆ ಅವನೇ ಬರೆದುಕೊಳ್ಳಲಿ.