ಇಂಟರ್‌ಕೂಲರ್‌ಗೆ ಗ್ಯಾಸ್ ಹೊಡೆದು ಪವರ್ ಕಳ್ಕೊಂಡಿದ್ದು

ಬೆಂಗಳೂರಲ್ಲಿ ಟರ್ಬೊ (ಇಂಜಿನ್‌ಗೆ ಗಾಳೀನ ಒತ್ತಿ ತುಂಬೋ ಪಂಪ್) ಇರೋ ಗಾಡಿಗಳ ಟ್ಯೂನಿಂಗ್ ಮಾಡ್ತಾ ನನಗೆ 11 ವರ್ಷ ಆಯ್ತು. ಹೋದ ಏಪ್ರಿಲ್‌ನಲ್ಲಿ ಮಾಡಿದ ಒಂದು ಕೆಲಸದ ಬಗ್ಗೆ ಬರೀಲೇಬೇಕು ಅನ್ನಿಸ್ತಿದೆ, ಯಾಕಂದ್ರೆ ನಾನು ಮಾಡಿದ ತಪ್ಪನ್ನೇ ಬೇರೆ ಹುಡುಗ್ರೂ ಮಾಡೋದು ನೋಡ್ತಿದೀನಿ.

ಗಾಡಿ 2 ಲೀಟರ್ ಟರ್ಬೊ ಪೆಟ್ರೋಲ್ ಸೆಡಾನ್, ಓನರ್ ಡ್ರ್ಯಾಗ್ ರೇಸ್‌ಗೆ (ನೇರ ಟ್ರ್ಯಾಕ್‌ನಲ್ಲಿ ಸ್ವಲ್ಪ ದೂರ ಫುಲ್ ಸ್ಪೀಡ್ ಓಟ) ಹೋಗೋರು. ಮೊದಲ್ನೇ ರನ್ ಚೆನ್ನಾಗಿ ಎಳೆಯುತ್ತೆ, ಮೂರ್ನೇ ರನ್‌ಗೆ ಸುಸ್ತಾಗುತ್ತೆ ಅನ್ನೋದು ಅವರ ಕಂಪ್ಲೇಂಟ್. ಟರ್ಬೊ ಗಾಡೀಲಿ ಇದು ಮಾಮೂಲಿ. ಸೈಕಲ್ ಪಂಪ್ ಹೊಡೀತಾ ಇದ್ರೆ ಕೆಳಗಡೆ ಬಿಸಿ ಆಗುತ್ತಲ್ಲ, ಹಾಗೇ 30 ಡಿಗ್ರಿ ಗಾಳೀನ ಟರ್ಬೊ 1 ಬಾರ್ ಬೂಸ್ಟ್‌ಗೆ (ಹೊರಗಿನ ಗಾಳಿಗಿಂತ 1 ಬಾರ್ ಜಾಸ್ತಿ ಪ್ರೆಶರ್‌ಗೆ) ಒತ್ತಿದ್ರೆ ಆಚೆ ಬರೋಷ್ಟರಲ್ಲಿ ಅದು 120 ಡಿಗ್ರಿ ದಾಟಿರುತ್ತೆ. ಅದು ಇಂಜಿನ್‌ಗೆ ಹೋಗೋ ಮೊದ್ಲು ಇಂಟರ್‌ಕೂಲರ್ ಅನ್ನೋ ರೇಡಿಯೇಟರ್ ಥರದ್ದು ಅದನ್ನ ತಣಿಸ್ಬೇಕು, ಆದ್ರೆ ರನ್ ಮೇಲೆ ರನ್ ಕೊಟ್ರೆ ಇಂಟರ್‌ಕೂಲರೇ ಕಾದು ಕೂತಿರುತ್ತೆ. 60 ಡಿಗ್ರಿ ಗಾಳಿ 30ಕ್ಕೆ ಇಳಿದ್ರೆ ಅದೇ ಪ್ರೆಶರ್‌ನಲ್ಲಿ ಸುಮಾರು 10 ಪರ್ಸೆಂಟ್ ಜಾಸ್ತಿ ಗಾಳಿ ಇಂಜಿನ್ ಒಳಗೆ ಹೋಗುತ್ತೆ, ಅದಕ್ಕೇ ಎಲ್ರೂ ಈ ಟೆಂಪರೇಚರ್ ಹಿಂದೆ ಬೀಳೋದು. ಸ್ಕ್ಯಾನರ್‌ನಲ್ಲಿ ಇಂಜಿನ್ ಒಳಗೆ ಹೋಗೋ ಗಾಳಿ ಮೊದಲ್ನೇ ರನ್ 46 ಡಿಗ್ರಿ ಇತ್ತು, ಮೂರ್ನೇದಕ್ಕೆ 68.

ಓನರ್ ಇಂಟರ್‌ಕೂಲರ್ ಮೇಲೆ ಹೊಡೆಯೋ ಸಿಓಟು (ಕಾರ್ಬನ್ ಡೈಆಕ್ಸೈಡ್) ಸ್ಪ್ರೇ ಕಿಟ್ ತಂದು ಕೊಟ್ರು. ಸಿಲಿಂಡರ್ ಒಳಗೆ ಸಿಓಟು ಲಿಕ್ವಿಡ್ ಆಗಿರುತ್ತೆ, 20 ಡಿಗ್ರಿಯಲ್ಲಿ 57 ಬಾರ್ ಹತ್ರ ಪ್ರೆಶರ್. ಬಟನ್ ಒತ್ತಿದ್ರೆ ಅದು ನಾಝಲ್‌ನಿಂದ ಹಾರಿ ಮೈನಸ್ 78 ಡಿಗ್ರಿಗೆ ಇಳಿದು ಅರ್ಧಂಬರ್ಧ ಮಂಜಾಗುತ್ತೆ. ಮೊದಲ್ನೇ ಸಲ ಒತ್ತಿದಾಗ ಇಂಟರ್‌ಕೂಲರ್‌ನ ಫಿನ್‌ಗಳ (ತೆಳ್ಳನೆ ಲೋಹದ ಪಟ್ಟಿಗಳ) ಮೇಲೆ ರವೆ ಚೆಲ್ಲಿದ ಹಾಗೆ ಬೆಳ್ಳಗೆ ಕೂತ್ಕೊಳ್ತು, ಎರಡು ಸೆಕೆಂಡಲ್ಲಿ ಮಾಯ. ನೋಡೋಕೆ ನಿಜವಾಗ್ಲೂ ಖುಷಿ ಆಯ್ತು.

ಡೈನೋ (ಗಾಡಿ ನಿಂತಲ್ಲೇ ಪವರ್ ಅಳೆಯೋ ಮಷಿನ್) ಮೇಲೆ ಹಾಕಿ ಮೂರ್ನೇ ಪುಲ್‌ನಲ್ಲಿ, ಅಂದ್ರೆ ಮೂರ್ನೇ ಸಲ ಫುಲ್ ಆಕ್ಸಿಲರೇಟರ್ ಒತ್ತಿದಾಗ, ಸ್ಪ್ರೇ ಬಿಟ್ವಿ. ಟೆಂಪರೇಚರ್ 68 ಇದ್ದಿದ್ದು 44ಕ್ಕೆ ಬಂತು, ನಾನು ಆಗಲೇ ಓನರ್‌ಗೆ ಕೆಲಸ ಆಯ್ತು ಸಾರ್ ಅಂದ್ಬಿಟ್ಟೆ. ಪವರ್ ನೋಡಿದ್ರೆ ಸ್ಪ್ರೇ ಇಲ್ಲದೇ ಇದ್ದಾಗಿನದಕ್ಕಿಂತ 9 ಎಚ್‌ಪಿ ಕಮ್ಮಿ. ಇನ್ನೊಂದು ಸಲ ಮಾಡಿದ್ವಿ, ಇನ್ನೂ ಕಮ್ಮಿ. ಬೂಸ್ಟ್ ಲೀಕ್ ಇರ್ಬೇಕು ಅಂತ ಹೋಸ್‌ಗಳನ್ನೆಲ್ಲ ಬಿಚ್ಚಿ ನೋಡಿ ಅರ್ಧ ದಿನ ಹಾಳು ಮಾಡ್ದೆ.

ಅಷ್ಟೊತ್ತಿಗೆ ನಮ್ಮ ಹುಡುಗ ಗಾಡಿ ಮುಂದೆ ಬಗ್ಗಿ ಕೂತು ಪೈಪ್ ನೋಡ್ತಿದ್ದೋನು "ಅಣ್ಣ, ತಲೆ ಯಾಕೋ ಭಾರ ಆಗ್ತಿದೆ, ಉಸಿರೂ ಕಟ್ತಿದೆ" ಅಂದ. ತಕ್ಷಣ ಅವನನ್ನ ಆಚೆ ಕರ್ಕೊಂಡು ಬಂದು ಶಟರ್ ಪೂರ್ತಿ ಎತ್ತಿಸ್ದೆ. ಸಿಓಟು ಗಾಳಿಗಿಂತ ಒಂದೂವರೆ ಪಟ್ಟು ಭಾರ, ನೆಲದ ಹತ್ರಾನೇ ತುಂಬ್ಕೊಳ್ಳುತ್ತೆ. ಅವನು ಹತ್ತು ನಿಮಿಷಕ್ಕೆ ಸರಿ ಹೋದ, ಆದ್ರೆ ಅವತ್ತು ನನಗಾದ ಭಯ ಇವತ್ತಿಗೂ ಹೋಗಿಲ್ಲ, ಶಟರ್ ಅರ್ಧ ಮುಚ್ಚಿಟ್ಟು ಗ್ಯಾಸ್ ಬಿಡಿಸಿದ್ದು ನಾನೇ.

ಆಗ ಹೊಳೀತು, ಹುಡುಗ ಕುಡಿದ ಗ್ಯಾಸನ್ನೇ ಇಂಜಿನ್ನೂ ಕುಡೀತಿದೆ ಅಂತ. ಏರ್ ಫಿಲ್ಟರ್ ಬಾಯಿ ಇರೋದು ಗ್ರಿಲ್ ಹಿಂದೆ, ಇಂಟರ್‌ಕೂಲರ್‌ನಿಂದ ಒಂದು ಗೇಣು ಮೇಲೆ. ಎದುರುಗಡೆ ಫ್ಯಾನ್ ಇದ್ದಿದ್ರಿಂದ ಗ್ಯಾಸೆಲ್ಲ ಬಾನೆಟ್ ಒಳಗೇ ಸುತ್ತಿ ಅಲ್ಲಿಗೇ ಹೋಗ್ತಿತ್ತು. ಬೆಂಕಿ ಆರಿಸೋ ಕೆಲವು ಸಿಲಿಂಡರ್‌ಗಳಲ್ಲಿ ಇರೋದೂ ಇದೇ ಗ್ಯಾಸ್ ಕಣ್ರೀ, ಇಂಜಿನ್ ಒಳಗೆ ಹೋದ್ರೆ ಉರಿ ಹೆಂಗೆ ಜಾಸ್ತಿ ಆಗುತ್ತೆ? ಪವರ್ ಜಾಸ್ತಿ ಮಾಡೋಕೆ ಇಂಜಿನ್ ಒಳಗೇ ಬಿಡೋ ನೈಟ್ರಸ್ ಗ್ಯಾಸ್ ಬೇರೆ, ಅದು ಇಂಜಿನ್ ಬಿಸಿಗೆ ಒಡೆದು ಉರಿಯೋಕೆ ಆಕ್ಸಿಜನ್ ಕೊಡುತ್ತೆ, ತುಂಬಾ ಜನ ಎರಡನ್ನೂ ಒಂದೇ ಅಂದ್ಕೊಂಡಿದಾರೆ. ಲ್ಯಾಂಬ್ಡಾ (ಪೆಟ್ರೋಲ್‌ಗೆ ಹೋಲಿಸಿದ್ರೆ ಗಾಳಿ ಎಷ್ಟಿದೆ ಅನ್ನೋ ಲೆಕ್ಕ, ಇಳಿದ್ರೆ ಪೆಟ್ರೋಲ್ ಜಾಸ್ತಿ ಅಂತ) ಲಾಗ್ ತೆಗೆದು ನೋಡಿದ್ರೆ 0.85 ಇರ್ಬೇಕಾದದ್ದು 0.78ಕ್ಕೆ ಇಳಿದಿತ್ತು. ಏರ್‌ಫ್ಲೋ ಸೆನ್ಸರ್‌ಗೆ ಗಾಳಿ ಯಾವುದು ಸಿಓಟು ಯಾವುದು ಅಂತ ಗೊತ್ತಾಗಲ್ಲ, ಎಲ್ಲಾನೂ ಗಾಳಿ ಅಂತ ಲೆಕ್ಕ ಹಾಕಿ ಪೆಟ್ರೋಲ್ ಬಿಡ್ತಿತ್ತು. ಲಾಗ್ ಮೊದಲ್ನೇ ಪುಲ್‌ನಿಂದಲೂ ನನ್ನ ಮುಂದೇನೇ ಇತ್ತು, ನಾನು ಟೆಂಪರೇಚರ್ ಒಂದನ್ನೇ ನೋಡ್ತಾ ಕೂತಿದ್ದೆ.

ಇನ್ನೊಂದು ವಿಷ್ಯ, 31 ಡಿಗ್ರಿ ಮೇಲೆ ಸಿಓಟು ಲಿಕ್ವಿಡ್ ಆಗಿ ಉಳಿಯೋದೇ ಇಲ್ಲ, ಪ್ರೆಶರ್ ಸರ್ರನೆ ಏರುತ್ತೆ. ಬಿಸಿಲಲ್ಲಿ ನಿಲ್ಲಿಸಿದ ಗಾಡಿ ಡಿಕ್ಕಿ ಒಳಗೆ ಸಿಲಿಂಡರ್ ಎಷ್ಟು ಕಾದಿರುತ್ತೆ ಅಂತ ಯೋಚನೆ ಮಾಡಿ. ಇದನ್ನೆಲ್ಲ ಹೇಳಿದ್ಮೇಲೆ ಓನರ್ರೇ ಸಿಲಿಂಡರ್ ತೆಗೆದುಬಿಡಿ ಅಂದ್ರು.

ಆಮೇಲೆ ಮೊದಲೇ ಮಾಡ್ಬೇಕಾಗಿದ್ದ ಕೆಲಸ ಮಾಡ್ದೆ, ಬಂಪರ್ ಬಿಚ್ಚಿದೆ. ಇಂಟರ್‌ಕೂಲರ್‌ಗೂ ಎಸಿ ಕಂಡೆನ್ಸರ್‌ಗೂ ಮಧ್ಯೆ ಧೂಳು, ಸತ್ತ ಹುಳ, ಒಣಗಿದ ಎಲೆ ಎಲ್ಲಾ ಸೇರಿ ಕಂಬಳಿ ಹಾಸಿದ ಹಾಗಿತ್ತು. ಮೆಲ್ಲಗೆ ನೀರು ಬಿಟ್ಟು ತೊಳೆದಿದ್ದಕ್ಕೇ ಮೂರ್ನೇ ಪುಲ್ 59 ಡಿಗ್ರಿಗೆ ಬಂತು. ವೈಪರ್ ವಾಷರ್ ಮೋಟರ್ ಒಂದು ತಗೊಂಡು ಸಣ್ಣ ನಾಝಲ್ ಹಾಕಿ ಫಿನ್ ಮೇಲೆ ನೀರಿನ ಮಂಜು ಬಿಟ್ವಿ. ಒಂದು ಕೆಜಿ ನೀರು ಪೂರ್ತಿ ಆವಿ ಆದ್ರೆ ಸುಮಾರು 2,400 ಕಿಲೋಜೂಲ್ ಶಾಖ ಎಳ್ಕೊಳ್ಳುತ್ತೆ, ಒಂದು ಕೆಜಿ ಸಿಓಟು ಎಳ್ಕೊಳ್ಳೋದು ಅದರಲ್ಲಿ ಹತ್ತನೇ ಒಂದು ಭಾಗ ಅಷ್ಟೇ. ಹಳೇ ಸುಬರು ಇಂಪ್ರೆಜಾ ಎಸ್‌ಟಿಐ, ಮಿತ್ಸುಬಿಶಿ ಇವೊ ಗಾಡಿಗಳಿಗೆ ಕಂಪನಿಯೋರೇ ಇಂಟರ್‌ಕೂಲರ್ ಮೇಲೆ ನೀರು ಹೊಡೆಯೋ ವ್ಯವಸ್ಥೆ ಕೊಟ್ಟಿದ್ರು.

ಕೊನೇ ಸಲ ಡೈನೋ ಮೇಲೆ ಹಾಕ್ದಾಗ ಮೂರ್ನೇ ಪುಲ್ 52 ಡಿಗ್ರಿ, ಲ್ಯಾಂಬ್ಡಾ 0.85ರಲ್ಲೇ ನಿಂತಿತ್ತು, ಪವರ್ ಮೊದಲ್ನೇ ಪುಲ್‌ಗಿಂತ 4 ಎಚ್‌ಪಿ ಮಾತ್ರ ಕಮ್ಮಿ.